ದಿನದ ಓಡಾಟ, ರಜೆಯ ಸವಾರಿ, ಒಂದೇ ಗಾಡಿ: ಸಸ್ಪೆನ್ಷನ್ ಮನೆಯಲ್ಲೇ ಸರಿಮಾಡಿಕೊಳ್ಳುವ ಬಗೆ

ನನ್ನ ಬೈಕಿನ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದ ಜೋಡಿ ಕಾಲು, ಕೆಟ್ಟಿದೆ ಅಂತ ನನಗೆ ಗೊತ್ತಾಗಿದ್ದು ಒಂದು ಭಾನುವಾರ ಬೆಳಿಗ್ಗೆ. ಬೆಟ್ಟದ ರಸ್ತೆ, ದಾರಿ ಖಾಲಿ. ಎಡ ತಿರುವಿನ ನಡುವೆ ಒಂದು ಸಣ್ಣ ಉಬ್ಬು ಇತ್ತು. ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಅಷ್ಟರಲ್ಲಿ ಗಾಡಿ ನಾನು ಹಿಡಿದ ಸಾಲು ಬಿಟ್ಟು ಒಂದು ಮೊಳ ಆಚೆ ಹೋಗಿತ್ತು. ಎದುರಿಗೆ ಯಾರೂ ಬರಲಿಲ್ಲ, ಬಚಾವಾದೆ. ನಿಲ್ಲಿಸಿ ನೋಡಿದರೆ ಎಡ ಫೋರ್ಕ್ ಪೈಪಿನ ಸುತ್ತ ಎಣ್ಣೆಯ ಉಂಗುರ. ಅದರ ಮೇಲೆ ಕೂತ ಧೂಳು ಗಟ್ಟಿಯಾಗಿತ್ತು. ಅಂದರೆ ಸೋರಿಕೆ ಶುರುವಾಗಿ ತಿಂಗಳುಗಳೇ ಆಗಿದ್ದವು.

ಆ ತಿಂಗಳುಗಳಲ್ಲಿ ಅದೇ ಗಾಡಿಯಲ್ಲಿ ದಿನಾ ಕೆಲಸಕ್ಕೆ ಹೋಗಿ ಬಂದಿದ್ದೆ. ಒಂದು ದಿನವೂ ಅನುಮಾನ ಬರಲಿಲ್ಲ. ಅಂದಿನಿಂದ ನಾನು ನಂಬಿರುವುದು ಇಷ್ಟು: ಸಸ್ಪೆನ್ಷನ್, ಅಂದರೆ ಏಟು ನುಂಗುವ ಫೋರ್ಕು ಮತ್ತು ಹಿಂದಿನ ಶಾಕ್, ಸವೆಯುವುದು ದಿನದ ಓಡಾಟದಲ್ಲಿ, ಅದು ಕೈ ಕೊಡುವುದು ಖುಷಿಯ ಸವಾರಿಯಲ್ಲಿ. ಹಾಗಾಗಿ ಎರಡಕ್ಕೂ ಒಂದೇ ಗಾಡಿ ಇಟ್ಟುಕೊಂಡವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಅದನ್ನು ತಾವೇ ನೋಡಿಕೊಳ್ಳಲು ಕಲಿಯಲೇಬೇಕು. ಕಷ್ಟದ ವಿದ್ಯೆ ಏನಲ್ಲ. ತಾಳ್ಮೆ ಬೇಕು, ಶುಚಿ ಬೇಕು, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇಕು.

ಎರಡು ಸವಾರಿ, ಎರಡು ಬಗೆಯ ಭಾರ

ಕೆಲಸಕ್ಕೆ ಹೋಗುವಾಗ ವೇಗ 30ರಿಂದ 50 ಕಿ.ಮೀ. ಇರುತ್ತದೆ. ಹೋಗು, ನಿಲ್ಲು, ಹೋಗು, ನಿಲ್ಲು. ಪ್ರತಿ ಬ್ರೇಕಿಗೂ ಫೋರ್ಕ್ ಕುಗ್ಗುತ್ತದೆ, ಬಿಟ್ಟಾಗ ಏಳುತ್ತದೆ. ಹಂಪು, ಗುಂಡಿ, ಹಿಂದೆ ಕೂತವರು, ಬ್ಯಾಗು, ಮಳೆ, ಧೂಳು. ಒಂದೊಂದು ಏಟೂ ಚಿಕ್ಕದು, ಆದರೆ ದಿನಕ್ಕೆ ನೂರಾರು. ಆಯಿಲ್ ನಿಧಾನವಾಗಿ ಕೆಡುತ್ತದೆ, ಅದನ್ನು ಒಳಗೇ ತಡೆಯುವ ರಬ್ಬರ್ ಸೀಲ್ ನಿಧಾನವಾಗಿ ಸವೆಯುತ್ತದೆ. ನಮ್ಮ ಮೈ ಅಷ್ಟೇ ನಿಧಾನವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುವುದೇ ಇಲ್ಲ.

ಖುಷಿಗೆ ಹೊರಟಾಗ ಲೆಕ್ಕ ಬೇರೆ. ಗಾಡಿ ವಾಲುತ್ತದೆ. ವಾಲಿದಾಗ ಚಕ್ರಗಳ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ: 30 ಡಿಗ್ರಿ ವಾಲಿದರೆ ಸುಮಾರು 15 ಶೇಕಡಾ, 40 ಡಿಗ್ರಿಗೆ ಸುಮಾರು 30 ಶೇಕಡಾ ಜಾಸ್ತಿ. ಸಸ್ಪೆನ್ಷನ್ ಆಗಲೇ ಒಂದಿಷ್ಟು ಕುಗ್ಗಿ ಕೂತಿರುತ್ತದೆ. ಅದರ ಮೇಲೆ ಉಬ್ಬು ಸಿಕ್ಕರೆ, ಉಳಿದ ಸ್ವಲ್ಪ ಜಾಗದಲ್ಲಿ ಅದನ್ನು ನುಂಗಿ, ಚಕ್ರವನ್ನು ರಸ್ತೆಗೇ ಒತ್ತಿ ಹಿಡಿಯಬೇಕು. ದಿನದ ದಾರಿಯಲ್ಲಿ ಅರ್ಧ ಸತ್ತ ಫೋರ್ಕೂ ಸಾಕಾಗುತ್ತದೆ. ಇಲ್ಲಿ ಸಾಕಾಗುವುದಿಲ್ಲ.

ಇಷ್ಟು ಹೇಳಿದೆ ಅಂತ ದಿನದ ಓಡಾಟ ಹಗುರ ಅಂದುಕೊಳ್ಳಬೇಡಿ. 1981ರಲ್ಲಿ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ನೋಡಿ ವರದಿ ಕೊಟ್ಟಿತು. ಹೆಚ್ಚಿನ ಅಪಘಾತಗಳು ಸಣ್ಣಪುಟ್ಟ ಓಡಾಟಗಳಲ್ಲಿ, ಹೊರಟ ಜಾಗದ ಹತ್ತಿರವೇ ಆಗಿದ್ದವು. ಅಲ್ಲಿ ನಿಮ್ಮನ್ನು ಕಾಪಾಡುವುದು ಗಟ್ಟಿ ಬ್ರೇಕು. ಗಟ್ಟಿ ಬ್ರೇಕ್ ಅಂದರೆ ಮುಂದಿನ ಚಕ್ರ, ಮುಂದಿನ ಚಕ್ರ ಅಂದರೆ ಫೋರ್ಕು. ಸೋರಿದ ಆಯಿಲ್ ಕೆಳಗಿಳಿದು ಡಿಸ್ಕಿನ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದೇ ಇಲ್ಲ. ಸೀಲ್ ಸೋರಿಕೆಯನ್ನು ಮುಂದೂಡಬಾರದು ಅನ್ನುವುದು ಇದಕ್ಕೇ.

ಒಳಗೆ ಏನಿದೆ

ಸ್ಪ್ರಿಂಗ್ ಭಾರ ಹೊರುತ್ತದೆ, ಆಯಿಲ್ ಸ್ಪ್ರಿಂಗನ್ನು ಹತೋಟಿಯಲ್ಲಿಡುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಸ್ಪ್ರಿಂಗ್ ಕುಗ್ಗಿದಾಗ ಪಡೆದ ಶಕ್ತಿಯನ್ನು ಪೂರ್ತಿ ವಾಪಸ್ ಕೊಡಲು ನೋಡುತ್ತದೆ. ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಫೋರ್ಕಿನ ಒಳಗಿನ ಆಯಿಲ್ ಸಣ್ಣ ತೂತುಗಳ ಮೂಲಕ ಹಾಯುವಾಗ ಆ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಇದನ್ನೇ ಡ್ಯಾಂಪಿಂಗ್ ಅನ್ನುವುದು. ಆಯಿಲಿನ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ. ಫೋರ್ಕ್ ಕುಗ್ಗುತ್ತಾ ಹೋದಂತೆ ಗಾಳಿ ಬಿಗಿಯಾಗುತ್ತದೆ. ಆದ್ದರಿಂದ ಆಯಿಲ್ ಮಟ್ಟ 10 ಮಿ.ಮೀ. ಹೆಚ್ಚು ಕಡಿಮೆಯಾದರೂ ಕೊನೆಯ ಹಂತದ ಗಡಸುತನ ಬದಲಾಗುತ್ತದೆ.

ಈ ಏರ್ಪಾಡು ಹಳೆಯದು. ಆಯಿಲ್ ಡ್ಯಾಂಪಿಂಗ್ ಇರುವ ಟೆಲಿಸ್ಕೋಪಿಕ್ ಫೋರ್ಕ್ ಮಾರಾಟದ ಗಾಡಿಗೆ ಬಂದಿದ್ದು 1935ರಲ್ಲಿ, ಬಿಎಂಡಬ್ಲ್ಯು ಆರ್12ರಲ್ಲಿ. ಇವತ್ತಿನ ಸಾಧಾರಣ ಗಾಡಿಗಳ ಫೋರ್ಕ್ ಕೂಡ ಅದೇ ತತ್ವದ್ದು. ಈ ಬರಹದ ರಿಪೇರಿ ಅಂಥ ಮಾಮೂಲಿ ಫೋರ್ಕಿಗೆ, ಅಂದರೆ ತೆಳು ಹೊಳೆಯುವ ಪೈಪ್ ಮೇಲೆ, ದಪ್ಪ ಬಾಟಂ ಕೇಸ್ ಕೆಳಗೆ ಇರುವ ಡ್ಯಾಂಪರ್ ರಾಡ್ (ಆಯಿಲ್ ಹಾಯುವ ತೂತುಗಳಿರುವ ಒಳಗಿನ ರಾಡ್) ಫೋರ್ಕಿಗೆ ಹೊಂದುತ್ತದೆ. ತಲೆಕೆಳಗಾದ ಫೋರ್ಕ್, ಕಾರ್ಟ್ರಿಜ್ ಫೋರ್ಕ್ ಬಿಚ್ಚಲು ಬೇರೆ ಹತ್ಯಾರುಗಳೇ ಬೇಕು. ಮೊದಲ ಸಲಕ್ಕೇ ಅದಕ್ಕೆ ಕೈ ಹಾಕಬೇಡಿ.

ಮೊದಲು ಪರೀಕ್ಷೆ

ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಗಾಳಿ ಕಡಿಮೆ ಇದ್ದರೆ ಗಾಡಿ ತೇಲಿದ ಹಾಗೆ ಆಗುತ್ತದೆ, ಜಾಸ್ತಿ ಇದ್ದರೆ ಕುಟ್ಟುತ್ತದೆ. ಎರಡನ್ನೂ ನಾವು ಸುಮ್ನೆ ಸಸ್ಪೆನ್ಷನ್ ತಲೆಗೆ ಕಟ್ಟುತ್ತೇವೆ.

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಫೋರ್ಕ್ ಏಳಬೇಕು, ತುಸು ಇಳಿದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಆಯಿಲ್ ಸತ್ತಿದೆ ಅಥವಾ ಕಡಿಮೆಯಾಗಿದೆ. ತಡೆತಡೆದು ಏಳುತ್ತಿದ್ದರೆ ಪೈಪ್ ಬಾಗಿರಬಹುದು, ಇಲ್ಲವೇ ಎರಡು ಕಾಲು ಒಂದೇ ಸಾಲಿನಲ್ಲಿ ಕೂತಿಲ್ಲ. ಹಿಂಬದಿಗೂ ಸೀಟ್ ಒತ್ತಿ ಇದೇ ಪರೀಕ್ಷೆ ಮಾಡಿ.

ಒಣ ಬಿಳಿ ಬಟ್ಟೆಯಿಂದ ಎರಡೂ ಪೈಪ್ ಒರೆಸಿ. ಹತ್ತು ಸಲ ಒತ್ತಿ ಮತ್ತೆ ಒರೆಸಿ. ತೆಳ್ಳಗಿನ ಪಸೆ ಸಹಜ. ಎಣ್ಣೆಯ ಗೆರೆ ಬಂದರೆ ಸೀಲ್ ಸೋರುತ್ತಿದೆ. ನಂತರ ಪೈಪಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡ ಕಡೆ ತುಕ್ಕಿನ ಚುಕ್ಕೆ ಇರುತ್ತದೆ, ಅದೇ ಸೀಲಿನ ಶತ್ರು.

ಇಂಜಿನ್ ಕೆಳಗೆ ಗಟ್ಟಿ ಆಸರೆ ಕೊಟ್ಟು ಮುಂದಿನ ಚಕ್ರ ನೆಲದಿಂದ ಎತ್ತಿ. ಸೈಲೆನ್ಸರ್ ಮೇಲೆ, ಆಯಿಲ್ ಫಿಲ್ಟರ್ ಮೇಲೆ ಭಾರ ಬೀಳಬಾರದು. ಹ್ಯಾಂಡಲ್ ನಿಧಾನಕ್ಕೆ ಎಡಬಲ ತಿರುಗಿಸಿ. ಸರಿ ನಡುವೆ ಗುಳಿಗೆ ಬಿದ್ದಂತೆ ಕಚ್ಚಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಆಡಿಸಿದಾಗ ಟಕ್ ಅಂದರೆ ಅದು ಸಡಿಲ. ಹಿಂದಿನ ಚಕ್ರ ಎತ್ತಿ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಪಕ್ಕಕ್ಕೆ ಆಡಿಸಿ ನೋಡಿ. ಆಟ ಇದ್ದರೆ ಅದರ ಕೀಲಿನ ಬುಷ್ (ಬಳೆ) ಸವೆದಿದೆ. ತಿರುವಿನಲ್ಲಿ ಬಾಲ ಆಡಿದ ಹಾಗೆ ಅನ್ನಿಸುವುದು ಎಷ್ಟೋ ಸಲ ಶಾಕ್ ಅಬ್ಸಾರ್ಬರ್‌ನಿಂದಲ್ಲ, ಈ ಬುಷ್‌ನಿಂದ.

ನನಗೆ ತುಂಬಾ ಉಪಯೋಗವಾದ ಇನ್ನೊಂದು ಅಭ್ಯಾಸ ಹೇಳುತ್ತೇನೆ. ದಿನಾ ಹೋಗುವ ದಾರಿಯಲ್ಲಿ ಒಂದು ಹಂಪನ್ನು ಆರಿಸಿಕೊಳ್ಳಿ. ತಿಂಗಳಿಗೆ ಒಂದು ದಿನ, ಹಿಂದೆ ಮುಂದೆ ಯಾರೂ ಇಲ್ಲದಾಗ, ಒಬ್ಬರೇ, ಅದೇ ವೇಗದಲ್ಲಿ ಅದನ್ನು ದಾಟಿ. 20 ಕಿ.ಮೀ. ಸಾಕು. ಎಷ್ಟು ಸಲ ಕುಣಿಯಿತು, ಸದ್ದು ಬಂತಾ, ಹಿಂಬದಿ ತಳ ಮುಟ್ಟಿತಾ ಅಂತ ಮನೆಗೆ ಬಂದ ಕೂಡಲೇ ಬರೆದಿಡಿ. ಮೈ ಮರೆತರೂ ಬರೆದದ್ದು ಉಳಿದಿರುತ್ತದೆ.

ಬಿಚ್ಚುವ ಮೊದಲು ಸ್ಯಾಗ್ ಅಳೆಯಿರಿ

ನೀವು ಕೂತಾಗ ಗಾಡಿ ಎಷ್ಟು ಕೆಳಗೆ ಕೂರುತ್ತದೆ ಎನ್ನುವುದೇ ಸ್ಯಾಗ್. ರಸ್ತೆ ಗಾಡಿಗೆ ಅದು ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಇದ್ದರೆ ಚೆನ್ನ. 120 ಮಿ.ಮೀ. ಚಲನೆ ಇರುವ ಫೋರ್ಕಿಗೆ 30ರಿಂದ 40 ಮಿ.ಮೀ.

ಹಿಂಬದಿ ಅಳೆಯಲು ಚಕ್ರ ನೆಲದಿಂದ ಎತ್ತಿ. ಆಕ್ಸಲ್‌ನಿಂದ ನೇರ ಮೇಲೆ ಬಾಡಿಯ ಒಂದು ಗುರುತಿನವರೆಗೆ ಅಳತೆ ತೆಗೆದುಕೊಳ್ಳಿ. ಆಮೇಲೆ ಗಾಡಿ ಇಳಿಸಿ, ಸವಾರಿಯ ಪೂರ್ತಿ ಉಡುಪಿನಲ್ಲಿ ಕೂತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ಸೀಲ್ ಹಿಡಿತದಿಂದ ಗಾಡಿ ಪ್ರತಿ ಸಲ ಒಂದೇ ಕಡೆ ನಿಲ್ಲುವುದಿಲ್ಲ. ಹಾಗಾಗಿ ಒಮ್ಮೆ ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಒಮ್ಮೆ ಮೇಲೆತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ. ಎರಡರ ನಡುವಿನ ಅಂಕಿ ಸರಿ. ಚಕ್ರ ಎತ್ತಿದ್ದಾಗಿನ ಅಳತೆಯಿಂದ ಅದನ್ನು ಕಳೆದರೆ ಉಳಿಯುವುದೇ ಸ್ಯಾಗ್. ಮುಂಬದಿಯೂ ಹೀಗೇ, ಅಲ್ಲಿ ಡಸ್ಟ್ ಸೀಲಿನಿಂದ (ಬಾಟಂ ಕೇಸಿನ ಬಾಯಲ್ಲಿ ಧೂಳು ತಡೆಯುವ ರಬ್ಬರ್) ಕೆಳಗಿನ ಟಿ (ಎರಡೂ ಕಾಲನ್ನು ಒಟ್ಟಿಗೆ ಹಿಡಿಯುವ ಕ್ಲ್ಯಾಂಪ್) ವರೆಗೆ ಅಳೆಯಬಹುದು. ಪೈಪಿಗೆ ಒಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿದರೆ ಸವಾರಿಯಲ್ಲಿ ಫೋರ್ಕ್ ಎಷ್ಟು ದೂರ ಕುಗ್ಗಿತ್ತು ಅಂತಲೂ ಗೊತ್ತಾಗುತ್ತದೆ.

ಹಿಂದಿನ ಜೋಡಿ ಶಾಕ್ ಇದ್ದರೆ ಕೆಳಗಿನ ಮೆಟ್ಟಿಲು ಮೆಟ್ಟಿಲಾದ ಉಂಗುರವನ್ನು ಸಿ-ಸ್ಪ್ಯಾನರ್‌ನಿಂದ ತಿರುಗಿಸಿ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎನ್ನುವುದನ್ನು, ಬದಲಿಸಬಹುದು. ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಲಿ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನುವ ಮಾತು ತಪ್ಪು. ಸ್ಪ್ರಿಂಗ್ ಅದೇ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಹಿಂದೆ ಒಬ್ಬರು ಕೂತಾಗ ಹೆಚ್ಚಿಸಬೇಕು, ಒಬ್ಬರೇ ಹೊರಟಾಗ ಇಳಿಸಬೇಕು. ಇಲ್ಲೇ ಎರಡು ಸವಾರಿಯ ವ್ಯತ್ಯಾಸ ಕೈಗೆ ಸಿಗುವುದು. ದಿನಾ ಇಬ್ಬರು ಓಡಾಡುವ ಗಾಡಿಯನ್ನು ಅದೇ ಮೆಟ್ಟಿಲಿನಲ್ಲಿ ಭಾನುವಾರ ಒಬ್ಬರೇ ತೆಗೆದುಕೊಂಡು ಹೋದರೆ ಹಿಂಬದಿ ಎತ್ತರವಾಗಿ, ಉಬ್ಬುಗಳ ಮೇಲೆ ಒದೆಯುತ್ತದೆ. ಒಬ್ಬರ ಮೆಟ್ಟಿಲಿನಲ್ಲಿ ಇಬ್ಬರು ಹೋದರೆ ಹಿಂಬದಿ ಕುಸಿದು, ಮುಂಬದಿ ಹಗುರವಾಗಿ, ತಿರುವಿನಲ್ಲಿ ಗಾಡಿ ಹೊರಗೆ ಹೋಗಲು ನೋಡುತ್ತದೆ. ಎರಡೂ ಮೆಟ್ಟಿಲು ಗುರುತು ಮಾಡಿಟ್ಟುಕೊಳ್ಳಿ. ಬದಲಿಸಲು ಐದು ನಿಮಿಷ ಸಾಕು.

ಖುಷಿಯ ಸವಾರಿಗೆ ಅಂತ ಫೋರ್ಕಿಗೆ ದಪ್ಪ ಆಯಿಲ್ ಹಾಕುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಮಾಮೂಲಿ ಫೋರ್ಕಿನಲ್ಲಿ ದಪ್ಪ ಆಯಿಲ್ ಏಳುವುದನ್ನೂ ಕುಗ್ಗುವುದನ್ನೂ ಎರಡನ್ನೂ ತಡೆಯುತ್ತದೆ. ಗುಂಡಿಗೆ ಬಿದ್ದಾಗ ಏಟು ನೇರ ಮಣಿಕಟ್ಟಿಗೆ. ವಾರಕ್ಕೆ ಆರು ದಿನ ಅದನ್ನು ತಿನ್ನುವುದು ಯಾಕೆ? ಒಳ್ಳೆಯ ಸ್ಥಿತಿಯ ಹೊಸ ಆಯಿಲ್, ಮ್ಯಾನುಯಲ್ ಹೇಳಿದ ಗ್ರೇಡಿನದ್ದೇ, ಎರಡಕ್ಕೂ ಸಾಕು.

ಸೀಲ್ ಮತ್ತು ಆಯಿಲ್ ಬದಲಾವಣೆ

ಸೋರಿಕೆ ಈಗಷ್ಟೇ ಶುರುವಾಗಿದ್ದರೆ ಮೊದಲು ಸೀಲ್ ಸ್ವಚ್ಛ ಮಾಡಿ ನೋಡಿ. ಡಸ್ಟ್ ಸೀಲ್ ಮೇಲೆತ್ತಿ, ತೆಳು ಗಟ್ಟಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೊಕ್ಕೆಯಂತೆ ಕತ್ತರಿಸಿ, ಪೈಪಿಗೂ ಸೀಲಿಗೂ ನಡುವೆ ತೂರಿಸಿ ಸುತ್ತ ಒಂದು ಸುತ್ತು ತನ್ನಿ. ಸಿಕ್ಕಿಕೊಂಡ ಕಸ ಹೊರಬಂದರೆ ಸೋರಿಕೆ ನಿಲ್ಲುವುದುಂಟು. ಮತ್ತೆ ಬಂದರೆ ಬಿಚ್ಚಲೇಬೇಕು.

ಬೇಕಾದದ್ದು: ಎರಡೂ ಕಾಲಿನ ಆಯಿಲ್ ಸೀಲ್ ಮತ್ತು ಡಸ್ಟ್ ಸೀಲ್, ಕೆಳಗಿನ ಬೋಲ್ಟಿನ ಹೊಸ ತಾಮ್ರದ ವಾಷರ್‌ಗಳು, ಆಯಿಲ್, ಸಾಕೆಟ್ ಸೆಟ್, ಉದ್ದ ಅಲೆನ್ ಕೀ, ಟಾರ್ಕ್ ರೆಂಚ್, ಅಳತೆ ಪಾತ್ರೆ, ಟ್ಯೂಬ್ ಸಿಕ್ಕಿಸಿದ ದೊಡ್ಡ ಸಿರಿಂಜ್, ಸೀಲ್ ಕೂರಿಸಲು ಸರಿಯಾದ ಅಗಲದ ಪಿವಿಸಿ ಪೈಪ್ ತುಂಡು. ಒಂದೇ ಕಾಲಿನದ್ದು ಬದಲಿಸಿ ಮುಗಿಸಬೇಡಿ. ನನಗೆ ಒಮ್ಮೆ ಒಂದು ಗ್ಯಾರೇಜಿನಲ್ಲಿ ಸೋರುವ ಬದಿ ಮಾತ್ರ ಮಾಡಿಕೊಟ್ಟರು. ಒಂದರಲ್ಲಿ ಹೊಸ ಆಯಿಲ್, ಇನ್ನೊಂದರಲ್ಲಿ ಕಪ್ಪು ನೀರು. ಎರಡು ಕಾಲು ಎರಡು ರೀತಿ ಕೆಲಸ ಮಾಡುತ್ತಿದ್ದವು.

ಆಯಿಲ್ ಕೊಳ್ಳುವಾಗ ಒಂದು ಎಚ್ಚರ. ಡಬ್ಬದ ಮೇಲಿನ 5ಡಬ್ಲ್ಯು, 10ಡಬ್ಲ್ಯು, 15ಡಬ್ಲ್ಯು ಅಂಕಿಗಳು ಎಲ್ಲ ಕಂಪನಿಗೂ ಒಂದೇ ಅಲ್ಲ. ಒಬ್ಬರ 10 ಇನ್ನೊಬ್ಬರ 7ರಷ್ಟು ತೆಳುವಾಗಿರಬಹುದು. ಡಬ್ಬದ ಹಿಂದೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸಿಎಸ್‌ಟಿ (ಆಯಿಲಿನ ದಪ್ಪದ ಅಳತೆ) ಅಂತ ಬರೆದಿದ್ದರೆ ಅದನ್ನು ಹೋಲಿಸಿ ನೋಡಿ.

ಹಂತ 1. ಮೇಲಿನ ಟಿ ಮೇಲೆ ಪೈಪ್ ಎಷ್ಟು ಎದ್ದಿದೆ ಅಂತ ಅಳೆದು ಬರೆಯಿರಿ. ಕೇಬಲ್‌ಗಳು ಎಲ್ಲೆಲ್ಲಿ ಹಾಯ್ದಿವೆ ಅಂತ ಫೋಟೋ ತೆಗೆಯಿರಿ. ಗಾಡಿ ನೆಲದ ಮೇಲಿರುವಾಗಲೇ ಮೇಲಿನ ಟಿಯ ಬೋಲ್ಟ್ ಸಡಿಲಿಸಿ, ನಂತರ ಫೋರ್ಕಿನ ತಲೆಯ ಕ್ಯಾಪನ್ನು ಕಾಲು ಸುತ್ತು ಮಾತ್ರ ಬಿಡಿಸಿ. ಮೊದಲು ಕಾಲನ್ನು ಹೊರತೆಗೆದು ಆಮೇಲೆ ಕ್ಯಾಪ್ ಬಿಚ್ಚಲು ಹೋದರೆ ಪೈಪ್ ಕೈಯಲ್ಲೇ ತಿರುಗುತ್ತದೆ. ಆಕ್ಸಲ್ ನಟ್ ಕೂಡ ಈಗಲೇ ಸಡಿಲಿಸಿಕೊಳ್ಳಿ.

ಹಂತ 2. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಇಂಜಿನ್ ಕೆಳಗೆ ಆಸರೆ ಕೊಡಿ. ಹಿಂಬದಿ ಕಟ್ಟಿ ಹಾಕಿದರೆ ಇನ್ನೂ ಒಳ್ಳೆಯದು. ಎಳೆದರೂ ಅಲುಗಬಾರದು. ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಬಿಚ್ಚಿ ಹಗ್ಗದಿಂದ ಮೇಲೆ ಕಟ್ಟಿ. ಅದು ಬ್ರೇಕ್ ಹೋಸಿನಿಂದ ನೇತಾಡಬಾರದು. ಪ್ಯಾಡ್‌ಗಳ ನಡುವೆ ಒಂದು ಮರದ ಚೂರು ಇಡಿ, ಲಿವರ್ ಮುಟ್ಟಬೇಡಿ. ಚಕ್ರ, ಮಡ್‌ಗಾರ್ಡ್ ತೆಗೆಯಿರಿ. ಕೆಳಗಿನಿಂದ ಬಾಟಂ ಕೇಸಿನ ಅಲೆನ್ ಬೋಲ್ಟನ್ನೂ ಈಗಲೇ ತುಸು ಸಡಿಲಿಸಿ. ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರುವಾಗ ಡ್ಯಾಂಪರ್ ರಾಡ್ ಸುತ್ತುವುದಿಲ್ಲ. ಸ್ಪ್ರಿಂಗ್ ತೆಗೆದ ಮೇಲೆ ಮಾಡಲು ಹೋದರೆ ರಾಡ್ ಬೋಲ್ಟಿನ ಜೊತೆಯೇ ತಿರುಗಿ ಗಂಟೆಗಟ್ಟಲೆ ಕಾಡುತ್ತದೆ. ಸ್ವಲ್ಪ ಎಣ್ಣೆ ತೊಟ್ಟಿಕ್ಕಬಹುದು, ಕೆಳಗೆ ತಟ್ಟೆ ಇಡಿ. ಆಮೇಲೆ ಕೆಳಗಿನ ಟಿ ಬೋಲ್ಟ್ ಬಿಟ್ಟು, ಕಾಲನ್ನು ತಿರುಚುತ್ತಾ ಕೆಳಗೆಳೆಯಿರಿ.

ಹಂತ 3. ಒಂದು ಸಲಕ್ಕೆ ಒಂದೇ ಕಾಲು ಬಿಚ್ಚಿ, ಭಾಗಗಳು ಅದಲು ಬದಲಾಗುವುದಿಲ್ಲ. ಕ್ಯಾಪ್ ಬಿಚ್ಚುವಾಗ ಮುಖ ಪಕ್ಕಕ್ಕಿರಲಿ, ಕ್ಯಾಪ್ ಮೇಲೆ ಅಂಗೈ ಒತ್ತಿರಲಿ. ಕೊನೆಯ ಎಳೆ ಬಿಡುವಾಗ ಸ್ಪ್ರಿಂಗ್ ಅದನ್ನು ಚಿಮ್ಮಿಸುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸ್ಪ್ರಿಂಗಿನ ಒತ್ತೊತ್ತಾದ ಸುತ್ತುಗಳು ಯಾವ ಕಡೆ ಇದ್ದವು ಅಂತ ನೋಡಿಕೊಂಡು ತೆಗೆಯಿರಿ. ಕಾಲನ್ನು ಬೋರಲು ಮಾಡಿ, ಮೇಲೆ ಕೆಳಗೆ ಆಡಿಸಿ ಆಯಿಲ್ ಪೂರ್ತಿ ಸುರಿಯಿರಿ. ಬೂದು ಹೊಳಪು ಕಂಡರೆ ಅದು ಸವೆದ ಲೋಹದ ಪುಡಿ. ಹಾಲಿನಂತಿದ್ದರೆ ನೀರು ಸೇರಿದೆ.

ಹಂತ 4. ಡಸ್ಟ್ ಸೀಲ್ ಎಬ್ಬಿಸಿ, ಅದರ ಕೆಳಗಿನ ಸರ್ಕ್ಲಿಪ್ (ಆಯಿಲ್ ಸೀಲನ್ನು ಹಿಡಿದಿಡುವ ತಂತಿ ಉಂಗುರ) ತೆಗೆಯಿರಿ. ಮಳೆಯಲ್ಲಿ ಓಡಿದ ಗಾಡಿಯಲ್ಲಿ ಇದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ, ಬಲ ಹಾಕಿ ಬಾಟಂ ಕೇಸಿನ ಅಂಚು ಮುರಿಯಬೇಡಿ. ಕೆಳಗಿನ ಬೋಲ್ಟ್ ಪೂರ್ತಿ ತೆಗೆದ ಮೇಲೆ ಕೆಲವು ಫೋರ್ಕಿನಲ್ಲಿ ಪೈಪ್ ಸುಲಭವಾಗಿ ಬಂದುಬಿಡುತ್ತದೆ, ಸೀಲ್ ಕೇಸಿನಲ್ಲೇ ಉಳಿಯುತ್ತದೆ. ಅದನ್ನು ಅಂಚಿಗೆ ಮರದ ಚೂರು ಒತ್ತುಕೊಟ್ಟು ಎಬ್ಬಿಸಿ. ಪೈಪ್ ಜಾರಲು ಬಿಡಿಯಾದ ಬುಷ್ ಇರುವ ಫೋರ್ಕಿನಲ್ಲಿ ಪೈಪನ್ನು ಒಳಗೆ ತಳ್ಳಿ, ಜಗ್ಗನೆ ಹೊರಗೆಳೆಯಬೇಕು. ಏಳೆಂಟು ಸಲ ಹೀಗೆ ಮಾಡಿದರೆ ಬುಷ್ ಸೀಲನ್ನು ಹೊಡೆದು ಹೊರತರುತ್ತದೆ.

ಹಂತ 5. ಎಲ್ಲ ತೊಳೆದು ಒಣಗಿಸಿ. ಈಗ ಅವಸರ ಬೇಡ, ನೋಡುವ ಕೆಲಸ ಇಲ್ಲಿರುವುದು. ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಕೆಳಗೆ ಬೆಳಕು ಏರಿಳಿದರೆ ಅದು ಬಾಗಿದೆ. ಬಾಗಿದ್ದನ್ನು ನೇರ ಮಾಡಿಸುವ ಬದಲು ಹೊಸದು ಹಾಕಿ. ಬುಷ್‌ನ ಕಪ್ಪು ಲೇಪ ಹೋಗಿ ತಾಮ್ರದ ಬಣ್ಣ ಕಾಣುತ್ತಿದ್ದರೆ ಬದಲಿಸಿ. ಸ್ಪ್ರಿಂಗ್ ಉದ್ದ ಅಳೆದು ಮ್ಯಾನುಯಲ್‌ನ ಮಿತಿಗೆ ಹೋಲಿಸಿ. ಪೈಪಿನ ಸಣ್ಣ ಚುಕ್ಕೆಗಳನ್ನು 1000, ಆಮೇಲೆ 2000 ನಂಬರಿನ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿ ಎದ್ದ ಅಂಚು ಮಾತ್ರ ತೆಗೆಯಿರಿ. ಸೀಲ್ ಓಡಾಡುವ ಜಾಗದಲ್ಲೇ ಆಳದ ಗುಂಡಿ ಇದ್ದರೆ ಆ ಪೈಪ್ ಮುಗಿಯಿತು. ಹೊಸ ಸೀಲ್ ಹಾಕಿದರೂ ಆ ಗುಂಡಿ ಕೆಲವೇ ದಿನದಲ್ಲಿ ಅದನ್ನು ಕತ್ತರಿಸಿ ಹಾಕುತ್ತದೆ.

ಹಂತ 6. ನಾನು ಮೊದಲ ಸಲ ಎಡವಿದ್ದು ಇಲ್ಲಿ. ಹೊಸ ಸೀಲನ್ನು ಹಾಗೇ ಪೈಪಿನ ತುದಿಗೆ ತೂರಿಸಿದೆ. ತುದಿಯ ಚೂಪು ಅಂಚು ಸೀಲಿನ ತುಟಿಗೆ ಗೀರು ಹಾಕಿತು. ಒಂದು ವಾರದಲ್ಲಿ ಮತ್ತೆ ಎಣ್ಣೆ ಉಂಗುರ, ಮತ್ತೆ ಇಡೀ ಕೆಲಸ. ಈಗ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಹೊದಿಸಿ, ಅದಕ್ಕೆ ಫೋರ್ಕ್ ಆಯಿಲ್ ಸವರಿ, ಅದರ ಮೇಲಿಂದ ಸೀಲ್ ಜಾರಿಸುತ್ತೇನೆ. ಮೇಲಿನಿಂದ ತೂರಿಸುವುದಾದರೆ ಡಸ್ಟ್ ಸೀಲ್, ಸರ್ಕ್ಲಿಪ್, ಆಯಿಲ್ ಸೀಲ್ ಯಾವುದು ಯಾವುದರ ಮೇಲೆ ಬರಬೇಕು ಅಂತ ಮೊದಲೇ ಸಾಲಾಗಿ ಜೋಡಿಸಿಕೊಳ್ಳಿ. ಸೀಲಿನ ಸಣ್ಣ ಸುರುಳಿ ಸ್ಪ್ರಿಂಗ್ ದೊಡ್ಡದಾಗಿ ಕಾಣುವ ಬದಿ ಆಯಿಲ್ ಕಡೆಗೆ, ಅಂದರೆ ಕೆಳಗೆ. ಅಕ್ಷರ ಇರುವ ಮುಖ ಮೇಲೆ.

ಪೈಪ್ ಮತ್ತು ರಾಡ್ ಕೇಸಿನೊಳಗೆ ಕೂರಿಸಿ, ಕೆಳಗಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಮತ್ತು ಎಳೆಗೆ ಒಂದು ಹನಿ ಥ್ರೆಡ್ ಲಾಕ್ ಹಾಕಿ ಬಿಗಿಸಿ. ರಾಡ್ ಸುತ್ತಿದರೆ ಸ್ಪ್ರಿಂಗ್ ಒಳಗಿಳಿಸಿ ಮೇಲಿನಿಂದ ಒತ್ತಿ ಹಿಡಿಯಿರಿ. ಆಮೇಲೆ ಸೀಲ್ ಮೇಲೆ ಹಳೆಯ ಸೀಲನ್ನು ಇಟ್ಟು, ಪಿವಿಸಿ ಪೈಪಿನಿಂದ ಸುತ್ತಲೂ ಸಮವಾಗಿ ತಟ್ಟಿ. ಸದ್ದು ಮೆತ್ತಗಿದ್ದದ್ದು ಗಟ್ಟಿಯಾದಾಗ ಅದು ತಳ ಸೇರಿದೆ. ಸರ್ಕ್ಲಿಪ್ ಕೂರುವ ತೋಡು ಸುತ್ತಲೂ ಪೂರ್ತಿ ಕಾಣಬೇಕು. ಸರ್ಕ್ಲಿಪ್ ಕೂರಿಸಿ, ಡಸ್ಟ್ ಸೀಲ್ ಕೈಯಿಂದ ಒತ್ತಿ.

ಹಂತ 7. ಆಯಿಲ್. ಮ್ಯಾನುಯಲ್ ಎರಡು ಅಂಕಿ ಕೊಡುತ್ತದೆ: ಎಷ್ಟು ಮಿಲಿ, ಮತ್ತು ಎಷ್ಟು ಮಟ್ಟ. ಒಳಗೆ ಹಳೆಯದು ಅಷ್ಟಿಷ್ಟು ಉಳಿದಿರುವುದರಿಂದ ಮಟ್ಟವನ್ನೇ ನಂಬಿ. ಆಯಿಲ್ ಸುರಿದು, ಪೈಪನ್ನು ನಿಧಾನಕ್ಕೆ ಹತ್ತು ಸಲ ಏರಿಳಿಸಿ ಗಾಳಿ ಗುಳ್ಳೆ ಹೊರಹಾಕಿ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ ಬಿಡಿ. ನಂತರ ಸ್ಪ್ರಿಂಗ್ ಇಲ್ಲದೆ, ಪೈಪ್ ಪೂರ್ತಿ ಒಳಗಿಳಿದಿರುವಾಗ, ಪೈಪಿನ ಬಾಯಿಯಿಂದ ಆಯಿಲಿನವರೆಗೆ ಅಳೆಯಬೇಕು. ಕೆಲವು ಗಾಡಿಗೆ ಬೇರೆ ರೀತಿ ಹೇಳಿದ್ದರೆ ಅದೇ ಸರಿ. ಸಿರಿಂಜಿನ ಟ್ಯೂಬಿಗೆ ಬೇಕಾದ ಅಳತೆಯಲ್ಲಿ ಗುರುತು ಹಾಕಿ, ಸ್ವಲ್ಪ ಹೆಚ್ಚು ಸುರಿದು, ಗುರುತಿನ ಮಟ್ಟಕ್ಕೆ ಎಳೆದು ತೆಗೆಯುವುದು ಸುಲಭ. ಎರಡೂ ಕಾಲು 1 ಮಿ.ಮೀ. ಒಳಗೆ ಸಮ ಇರಲಿ. ಸ್ಪ್ರಿಂಗ್ ಇಳಿಸಿ ಕ್ಯಾಪನ್ನು ಕೈಯಿಂದಲೇ ಶುರುಮಾಡಿ. ಅದರ ಎಳೆ ನವಿರು, ಅಡ್ಡ ಹತ್ತಿದರೆ ಪೈಪೇ ಹಾಳು.

ಹಂತ 8. ಕಾಲನ್ನು ಬರೆದಿಟ್ಟ ಎತ್ತರಕ್ಕೆ ಸೇರಿಸಿ. ಮೊದಲು ಕೆಳಗಿನ ಟಿ, ಆಮೇಲೆ ಕ್ಯಾಪ್, ಕೊನೆಗೆ ಮೇಲಿನ ಟಿ, ಮೂರನ್ನೂ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿಸಿ. ಮಡ್‌ಗಾರ್ಡ್, ಚಕ್ರ, ಕ್ಯಾಲಿಪರ್ ಹಾಕಿ ಆಕ್ಸಲ್ ಬಿಗಿಸಿ. ಆದರೆ ಆಕ್ಸಲ್ ಹಿಡಿಯುವ ಬದಿಯ ಸಣ್ಣ ಬೋಲ್ಟನ್ನು ಬಿಗಿಸಬೇಡಿ. ಇಷ್ಟರಲ್ಲಿ ಲಿವರ್ ಹತ್ತಾರು ಸಲ ಒತ್ತಿ ಬ್ರೇಕ್ ಗಟ್ಟಿ ಮಾಡಿಕೊಳ್ಳಿ, ಕ್ಯಾಲಿಪರ್ ಬಿಚ್ಚಿ ಹಾಕಿದ ಮೇಲೆ ಮೊದಲ ಒತ್ತಿಗೆ ಅದು ಹಿಡಿಯುವುದಿಲ್ಲ. ಗಾಡಿ ಇಳಿಸಿ, ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಜೋರಾಗಿ ಒತ್ತಿ. ಎರಡು ಕಾಲು ಆಗ ತಾವೇ ಒಂದೇ ಸಾಲಿಗೆ ಬರುತ್ತವೆ. ಈಗ ಸಣ್ಣ ಬೋಲ್ಟ್ ಬಿಗಿಸಿ. ಈ ಚಿಕ್ಕ ಕೆಲಸ ಬಿಟ್ಟರೆ ಹೊಸ ಸೀಲ್, ಹೊಸ ಆಯಿಲ್ ಇದ್ದೂ ಫೋರ್ಕ್ ತಡೆತಡೆದು ಓಡುತ್ತದೆ.

ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಪ್ಯಾಡಿಗೆ ಫೋರ್ಕ್ ಆಯಿಲ್ ಇಳಿದಿದ್ದರೆ ಪ್ಯಾಡ್ ಬದಲಿಸಿ, ಉಜ್ಜಿ ಉಳಿಸಲು ನೋಡಬೇಡಿ.

ಹಿಂಬದಿಯ ಕೆಲಸ

ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಮನೆಯಲ್ಲಿ ಬಿಚ್ಚಬೇಡಿ. ಒಳಗೆ ನೈಟ್ರೋಜನ್ ಒತ್ತಡದಲ್ಲಿರುತ್ತದೆ, ಜೀವಕ್ಕೇ ಅಪಾಯ. ತೂತು ಕೊರೆಯುವುದು, ಬಿಸಿ ಮಾಡುವುದು ಎರಡೂ ಬೇಡವೇ ಬೇಡ. ಸೋರಿದರೆ ಬದಲಿಸಿ, ಅಥವಾ ಗ್ಯಾಸ್ ತುಂಬುವ ವ್ಯವಸ್ಥೆ ಇರುವವರಿಗೆ ಕೊಡಿ. ಜೋಡಿ ಶಾಕ್ ಆದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ನೀವು ಮಾಡಬಹುದಾದದ್ದು ಶಾಕ್‌ನ ಮೇಲು ಕೆಳಗಿನ ರಬ್ಬರ್ ಬುಷ್ ಬದಲಿಸುವುದು, ಸ್ವಿಂಗ್ ಆರ್ಮ್ ಮತ್ತು ಲಿಂಕ್‌ಗಳಿಗೆ ಗ್ರೀಸ್ ಹಾಕುವುದು. ಒಂದೇ ಶಾಕ್ ಇರುವ ಮೋನೋಶಾಕ್ ಗಾಡಿಯ ಲಿಂಕ್ (ಸ್ವಿಂಗ್ ಆರ್ಮನ್ನು ಶಾಕ್‌ಗೆ ಸೇರಿಸುವ ಕೀಲು) ಹಿಂದಿನ ಚಕ್ರದ ಮುಂದೆಯೇ, ಕೆಸರು ಹಾರುವ ಜಾಗದಲ್ಲಿ ಕೂತಿರುತ್ತದೆ. ದಿನಾ ಮಳೆಯಲ್ಲಿ ಓಡುವ ಗಾಡಿಯಲ್ಲಿ ಅಲ್ಲಿನ ಬೇರಿಂಗ್ ತುಕ್ಕು ಹಿಡಿದು ಕಚ್ಚಿದರೆ, ಎಷ್ಟು ಒಳ್ಳೆಯ ಶಾಕ್ ಇದ್ದರೂ ಹಿಂಬದಿ ಕಲ್ಲಿನಂತಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಹಳೆ ಗ್ರೀಸ್ ತೊಳೆದು, ನೀರಿಗೆ ಕರಗದ ಗ್ರೀಸ್ ತುಂಬಿ.

ಓಡಿಸಿ ನೋಡುವುದು

ಮೊದಲು ಮನೆಯ ಮುಂದೆ, ನಡೆಯುವ ವೇಗದಲ್ಲಿ ಮುಂದಿನ ಬ್ರೇಕ್ ನಾಲ್ಕೈದು ಸಲ ಹಿಡಿಯಿರಿ. ಆಮೇಲೆ ದಿನದ ದಾರಿಯಲ್ಲಿ ಎರಡು ಮೂರು ದಿನ ಓಡಿಸಿ, ನಿಮ್ಮ ಆ ಹಂಪನ್ನು ದಾಟಿ ನೋಡಿ. ರಿಪೇರಿ ಮುಗಿಸಿದ ಮರುದಿನವೇ ಬೆಟ್ಟ ಹತ್ತಬೇಡಿ. 100 ಕಿ.ಮೀ. ಆದ ಮೇಲೆ ಟಿ ಬೋಲ್ಟ್, ಆಕ್ಸಲ್, ಕ್ಯಾಲಿಪರ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ.

ಖುಷಿಯ ಸವಾರಿಗೆ ಹೊರಟಾಗಲೂ ಮೊದಲ ಹತ್ತು ಕಿ.ಮೀ. ಗಾಡಿಯ ಮಾತು ಕೇಳಲು ಇಡಿ. ಟೈರಿನಂತೆಯೇ ಫೋರ್ಕಿನ ಆಯಿಲ್ ಕೂಡ ತಣ್ಣಗಿದ್ದಾಗ ದಪ್ಪ, ಓಡಿದ ಮೇಲೆ ತೆಳು. ತಿರುವಿನ ಮೊದಲೇ ಬ್ರೇಕ್ ಮೆಲ್ಲಗೆ ಹಿಡಿದು ಮೆಲ್ಲಗೆ ಬಿಟ್ಟರೆ ಫೋರ್ಕ್ ಒಮ್ಮೆ ಕೂತು ಹಾಗೇ ನಿಲ್ಲುತ್ತದೆ. ಥಟ್ಟನೆ ಹಿಡಿದು ಥಟ್ಟನೆ ಬಿಟ್ಟರೆ ತಿರುವಿನ ನಡುವೆ ಅದು ಏಳುತ್ತಿರುತ್ತದೆ. ಇದನ್ನು ಕಲಿಯಲು ಬೆಟ್ಟವೇ ಬೇಕೆಂದಿಲ್ಲ. ಕೆಲಸಕ್ಕೆ ಹೋಗುವ ದಾರಿಯ ಪ್ರತಿ ಸಿಗ್ನಲ್ಲಿನಲ್ಲೂ ಅಭ್ಯಾಸ ಮಾಡಬಹುದು.

ತೆಗೆದ ಹಳೆ ಆಯಿಲನ್ನು ಮುಚ್ಚಳ ಇರುವ ಡಬ್ಬದಲ್ಲಿ ತುಂಬಿ, ಹಳೆ ಇಂಜಿನ್ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಮಣ್ಣಿಗೆ, ಚರಂಡಿಗೆ ಸುರಿಯಬೇಡಿ. ಬದಲಿಸಿದ ದಿನ ಮತ್ತು ಆಗಿನ ಕಿ.ಮೀ. ಬರೆದಿಡಿ. ಮ್ಯಾನುಯಲ್ ಅವಧಿ ಹೇಳಿಲ್ಲದಿದ್ದರೆ ನಾನು ಎರಡು ವರ್ಷ ಅಥವಾ 20,000 ಕಿ.ಮೀ., ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ. ಆಮೇಲೆ ಪ್ರತಿ ಸೋಮವಾರ ಗಾಡಿ ತೆಗೆಯುವ ಮೊದಲು ಬಿಳಿ ಬಟ್ಟೆಯಿಂದ ಎರಡೂ ಪೈಪ್ ಒಮ್ಮೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ.